ತಿದ್ದುವವರ ಪರೀಕ್ಷೆ

ಕಲ್ಕತ್ತ ವಿಶ್ವವಿದ್ಯಾಲಯದ ಮೊದಲ ಇಬ್ಬರು ಬಿ.ಎ. ಪದವೀಧರರು ಗ್ರೇಸ್ ಅಂಕದ ಮೇಲೆ ಪಾಸಾದವರು. 1858ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯ ತನ್ನ ಮೊದಲ ಬಿ.ಎ. ಪರೀಕ್ಷೆ ನಡೆಸಿದಾಗ ಎಲ್ಲ ವಿಷಯಗಳಲ್ಲೂ ತೇರ್ಗಡೆಯಾದವರು ಒಬ್ಬರೂ ಇರಲಿಲ್ಲ. ಬಂಕಿಮಚಂದ್ರ ಚಟ್ಟೋಪಾಧ್ಯಾಯ ಮತ್ತು ಜದುನಾಥ ಬೋಸ್ ಆರರಲ್ಲಿ ಐದು ವಿಷಯಗಳನ್ನು ಚೆನ್ನಾಗಿಯೇ ಬರೆದಿದ್ದರು. ಆರನೆಯದರಲ್ಲಿ ಇಬ್ಬರಿಗೂ ಕೊಂಚ ಕಡಿಮೆ ಬಿದ್ದಿತ್ತು, ಹೆಚ್ಚೆಂದರೆ ಏಳು ಅಂಕ. ವಿಶೇಷ ಕೃಪೆಯೆಂದು ಅವರಿಗೆ ಪದವಿ ಕೊಡಲು ವಿಶ್ವವಿದ್ಯಾಲಯ ಒಪ್ಪಿತು. ಮುಂದೆ ಯಾರೂ ಇದನ್ನು ಮೇಲ್ಪಂಕ್ತಿಯೆಂದು ಎತ್ತಿ ಹೇಳಬಾರದು ಎಂಬ ಷರತ್ತನ್ನೂ ನಡಾವಳಿಯಲ್ಲಿ ಬರೆದಿಟ್ಟಿತು.

ಆ ಏಳು ಅಂಕ ಕಡಿಮೆ ಬಿದ್ದದ್ದು ಬರೆದವರ ತಪ್ಪಿನಿಂದಲೋ, ತಿದ್ದಿದವರ ಕೈಯಿಂದಲೋ? ಅಂದು ಯಾರೂ ಹಾಗೆ ಕೇಳಲಿಲ್ಲ. ಕೇಳುವ ಅಭ್ಯಾಸವೇ ಇರಲಿಲ್ಲ. ನಮ್ಮ ಮೆಟ್ರಿಕ್, ಎಸ್ಸೆಸ್ಸೆಲ್ಸಿ ಪರೀಕ್ಷೆಗಳ ಸುಧಾರಣೆಯ ಚರಿತ್ರೆಯನ್ನು ಓದುತ್ತ ಹೋದರೆ, ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ ಕಾಲದಲ್ಲಷ್ಟೇ ಪರೀಕ್ಷೆ ಒಂದು ಹೆಜ್ಜೆ ಮುಂದೆ ಹೋಗಿದೆ ಎಂಬುದು ಕಾಣುತ್ತದೆ. ಉಳಿದ ಹೊತ್ತಿನಲ್ಲೆಲ್ಲ ನಾವು ಮಕ್ಕಳ ಮೇಲಿನ ಕಾವಲನ್ನು ಬದಲಿಸಿದ್ದೇವೆ, ಪಾಸಿನ ಗೆರೆಯನ್ನು ಮೇಲೆ ಕೆಳಗೆ ಸರಿಸಿದ್ದೇವೆ, ಅಂಕಪಟ್ಟಿಯ ನಮೂನೆ ತಿದ್ದಿದ್ದೇವೆ.

ವ್ಯವಸ್ಥೆಯ ಬೇರು 1854ರಲ್ಲಿದೆ. ಆ ವರ್ಷದ ಜುಲೈಯಲ್ಲಿ ಚಾರ್ಲ್ಸ್ ವುಡ್ ಕಳಿಸಿದ ಶಿಕ್ಷಣ ಆಜ್ಞಾಪತ್ರ ಭಾರತದಲ್ಲಿ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ವಿಶ್ವವಿದ್ಯಾಲಯಗಳನ್ನು ತೆರೆಯಬೇಕೆಂದಿತು. ಲಂಡನ್ ವಿಶ್ವವಿದ್ಯಾಲಯ ಅಂದು ಪಾಠ ಹೇಳುವ ಸಂಸ್ಥೆಯಾಗಿರಲಿಲ್ಲ. ಪಾಠ ಕಾಲೇಜುಗಳ ಕೆಲಸ, ಪರೀಕ್ಷೆ ಮಾಡಿ ಪದವಿ ಕೊಡುವುದು ಅದರ ಕೆಲಸ. 1857ರಲ್ಲಿ ಹುಟ್ಟಿದ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಇದನ್ನೇ ಅನುಸರಿಸಿದವು. ಒಂದು ತರಗತಿಯನ್ನೂ ನಡೆಸದ ಕಲ್ಕತ್ತ ವಿಶ್ವವಿದ್ಯಾಲಯ ಅದೇ ವರ್ಷ ಪ್ರವೇಶ ಪರೀಕ್ಷೆ ನಡೆಸಿತು, 244 ಮಂದಿ ಕೂತರು. ಬಂಕಿಮಚಂದ್ರರು ಅದರಲ್ಲಿ ಪಾಸಾದವರಲ್ಲಿ ಒಬ್ಬರು.

ಹೈಸ್ಕೂಲು ಮುಗಿಸುವ ಹುಡುಗನಿಗೆ ಹೀಗೆ ಮೆಟ್ರಿಕ್ಯುಲೇಷನ್ನೇ ಶಾಲೆಯ ಕೊನೆಯ ಪರೀಕ್ಷೆಯಾಯಿತು. ಅದು ಕಾಲೇಜಿನ ಬಾಗಿಲಿಗೆಂದು ಮಾಡಿದ ಪರೀಕ್ಷೆ. ಆದರೆ ಗುಮಾಸ್ತೆ ಕೆಲಸಕ್ಕೂ ಮೆಟ್ರಿಕ್ ಬೇಕು ಎಂದಾದ ಮೇಲೆ ಕಾಲೇಜಿನ ಕನಸೇ ಇಲ್ಲದವರೂ ಅದನ್ನೇ ಬರೆಯಬೇಕಾಯಿತು. ಕನ್ನಡನಾಡಿನ ಮಕ್ಕಳಂತೂ ಆಡಳಿತದ ಗಡಿಗಳಿಗೆ ತಕ್ಕಂತೆ ಹಂಚಿಹೋದರು. ಧಾರವಾಡ, ಬೆಳಗಾವಿ, ಕಾರವಾರದವರು ಬೊಂಬಾಯಿಯ ಮೆಟ್ರಿಕ್ ಬರೆದರು. ಮಂಗಳೂರು, ಬಳ್ಳಾರಿಯವರು ಮದರಾಸಿನದನ್ನು ಬರೆದರು. ಮೈಸೂರು ಸಂಸ್ಥಾನಕ್ಕೆ 1916ರವರೆಗೂ ಸ್ವಂತ ವಿಶ್ವವಿದ್ಯಾಲಯವಿರಲಿಲ್ಲವಾದ್ದರಿಂದ ಬೆಂಗಳೂರು, ಮೈಸೂರಿನ ಮಕ್ಕಳೂ ಮದರಾಸಿನ ಪ್ರಶ್ನೆಪತ್ರಿಕೆಗೇ ಕಾಯಬೇಕಿತ್ತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ದೊಡ್ಡ ಮರ್ಯಾದೆಯಿತ್ತು. ಮುಲ್ಕಿ ಪಾಸಾದವನು ಸಾಲಿ ಮಾಸ್ತರನಾಗಬಹುದಿತ್ತು. ಅದರಾಚೆಗೆ ಹೋಗುವವನ ಮುಂದೆ ಇಂಗ್ಲಿಷಿನ ಗೋಡೆ ನಿಂತಿತ್ತು, ಆ ಗೋಡೆಯ ಹೆಸರೇ ಮೆಟ್ರಿಕ್.

ಆ ಕಾಲದ ನಿಯಮಗಳಲ್ಲಿ ಹೆಚ್ಚು ಮಕ್ಕಳನ್ನು ಕೆಡವಿದ್ದು ಒಂದರಲ್ಲಿ ಬಿದ್ದರೆ ಎಲ್ಲದರಲ್ಲೂ ಬಿದ್ದಂತೆ ಎನ್ನುವ ನಿಯಮ. ಕುಂಭಕೋಣದ ಶ್ರೀನಿವಾಸ ರಾಮಾನುಜನ್ ಮೆಟ್ರಿಕ್ಯುಲೇಷನ್ ದಾಟಿದರು. ಮುಂದಿನ ಎಫ್.ಎ. ಪರೀಕ್ಷೆಯನ್ನು ಅವರಿಂದ ದಾಟಲಾಗಲೇ ಇಲ್ಲ. ಗಣಿತದ ಹೊರತು ಬೇರೆ ವಿಷಯಗಳಲ್ಲಿ ಮನಸ್ಸು ನಿಲ್ಲದ ಹುಡುಗ ಮದರಾಸು ವಿಶ್ವವಿದ್ಯಾಲಯದ ದಾಖಲೆಯಲ್ಲಿ ನಪಾಸಾದವನಾಗಿಯೇ ಉಳಿದ. 1913ರಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೆ ಪತ್ರ ಬರೆದಾಗಲೂ ಅವರ ಹೆಸರಿನ ಮುಂದೆ ಒಂದು ಪದವಿಯಿರಲಿಲ್ಲ. ಅಪೂರ್ವ ಪ್ರತಿಭೆಯ ಉದಾಹರಣೆಯಿಂದ ಪರೀಕ್ಷೆಯನ್ನು ಅಳೆಯಬಾರದು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಂದು ವಿಷಯದಲ್ಲಿ ಎಲ್ಲರಿಗಿಂತ ಮುಂದಿರುವ ಮಗು ಇನ್ನೊಂದರಲ್ಲಿ ಹಿಂದುಳಿದಾಗ ಪರೀಕ್ಷೆ ಎರಡನ್ನೂ ಬೇರೆ ಬೇರೆಯಾಗಿ ಬರೆದು ತೋರಿಸಬೇಕು. ಎರಡನ್ನೂ ಒಂದೇ ಶಬ್ದದಲ್ಲಿ ಹೂತುಹಾಕುವ ಪರೀಕ್ಷೆ ತನ್ನ ಮೊದಲ ಕೆಲಸವನ್ನೇ ಮಾಡಿಲ್ಲ.

ದೋಷ ಸರ್ಕಾರಕ್ಕೂ ಕಾಣದಿರಲಿಲ್ಲ. 1882ರ ಹಂಟರ್ ಆಯೋಗ ಹೈಸ್ಕೂಲಿನ ಮೇಲಿನ ತರಗತಿಗಳನ್ನು ಎರಡು ಕವಲಾಗಿ ಒಡೆದು, ಒಂದು ಕಾಲೇಜಿಗೆ, ಇನ್ನೊಂದು ವ್ಯಾಪಾರ ಕಸುಬುಗಳಿಗೆ ಇರಲಿ ಎಂದಿತು. ಎರಡನೆಯ ಕವಲಿಗೆ ಬಂದವರು ಬಹಳ ಕಡಿಮೆ. 1902ರ ವಿಶ್ವವಿದ್ಯಾಲಯಗಳ ಆಯೋಗ, ಇಲ್ಲಿ ಪಾಠಕ್ಕಾಗಿ ಪರೀಕ್ಷೆಯಿಲ್ಲ, ಪರೀಕ್ಷೆಗಾಗಿ ಪಾಠವಿದೆ, ಎಲ್ಲಕ್ಕಿಂತ ದೊಡ್ಡ ಕೇಡು ಇದೇ ಎಂದು ಬರೆಯಿತು. ಕರ್ಜನ್ ಕಾಲದ 1904ರ ಶಿಕ್ಷಣ ನಿರ್ಣಯವೂ ಅದನ್ನೇ ಹೇಳಿತು.

ಇದಕ್ಕೆ ಮದರಾಸು ಕಂಡುಕೊಂಡ ಮದ್ದೇ ಎಸ್ಸೆಸ್ಸೆಲ್ಸಿ. ಇಂದು ಬಹಳ ಮಂದಿಗೆ ಅದರ ಹುಟ್ಟಿನ ಉದ್ದೇಶ ಮರೆತುಹೋಗಿದೆ. ಎಸ್ಸೆಸ್ಸೆಲ್ಸಿ ಬಂದದ್ದು ಮೆಟ್ರಿಕ್‌ನ ಹಿಡಿತ ತಪ್ಪಿಸಲು. 1911ರಲ್ಲಿ ಅದರ ಮೊದಲ ಸಾರ್ವಜನಿಕ ಪರೀಕ್ಷೆ ನಡೆಯಿತು. ಸರ್ಟಿಫಿಕೇಟು ಒಂದು ಹಾಳೆಯಾಗಿರಲಿಲ್ಲ, ಪುಸ್ತಕವಾಗಿತ್ತು. ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿ ಶಾಲೆಯ ಮೇಷ್ಟರು ಕೊಟ್ಟ ಅಂಕಗಳು ಆ ಪುಸ್ತಕದಲ್ಲಿ ದಾಖಲಾಗುತ್ತಿದ್ದವು, ಪಕ್ಕದಲ್ಲಿ ಸಾರ್ವಜನಿಕ ಪರೀಕ್ಷೆಯ ಅಂಕಗಳು. ಕೆಲವು ವಿಷಯಗಳಿಗೆ ಸಾರ್ವಜನಿಕ ಪರೀಕ್ಷೆಯೇ ಇರಲಿಲ್ಲ, ಶಾಲೆಯ ಅಂಕವೇ ಅಂಕ. ಪಾಸು, ಫೇಲು ಎಂಬ ಷರಾ ಆ ಪುಸ್ತಕದಲ್ಲಿ ಇರಲಿಲ್ಲ. ಹುಡುಗ ಏನು ಓದಿದ, ಎಷ್ಟು ಪಡೆದ ಎಂಬುದನ್ನು ಬರೆದು ಕೊಡುವುದು ಇಲಾಖೆಯ ಕೆಲಸ. ಅಷ್ಟು ಸಾಕೇ ಎಂದು ತೀರ್ಮಾನಿಸುವುದು ಕಾಲೇಜಿನ, ಕಚೇರಿಯ ಕೆಲಸ. ಮೈಸೂರು ಸಂಸ್ಥಾನವೂ ಬೇಗನೆ ಈ ದಾರಿಗೆ ಬಂತು.

ಎಷ್ಟು ವಿವೇಕದ ಯೋಜನೆ! ಆದರೆ ವಿಶ್ವವಿದ್ಯಾಲಯ ತನ್ನ ತರಗತಿಗಳಿಗೆ ಯಾರು ಅರ್ಹರು ಎಂದು ಗೆರೆ ಎಳೆಯಿತು, ಅರ್ಹರ ಪಟ್ಟಿ ಪ್ರಕಟಿಸಿತು. ಪಟ್ಟಿಯಲ್ಲಿ ಹೆಸರಿದ್ದವನು ಪಾಸು, ಇಲ್ಲದವನು ಫೇಲು ಎಂದು ಊರು ತಾನಾಗಿ ಓದಿಕೊಂಡಿತು. ಪುಸ್ತಕದೊಳಗಿನ ಶಾಲೆಯ ಅಂಕಗಳ ಪುಟ ತಿರುವಿ ನೋಡುವ ತಾಳ್ಮೆ ಕಚೇರಿಗಳಿಗೂ ಇರಲಿಲ್ಲ. ಪುಸ್ತಕ ದಶಕಗಟ್ಟಲೆ ಉಳಿಯಿತು, ಅದರ ಉದ್ದೇಶ ಕೆಲವೇ ವರ್ಷಗಳಲ್ಲಿ ಸತ್ತಿತು.

ಇದೇ ಹೊತ್ತಿಗೆ ಕಲ್ಕತ್ತಕ್ಕೆ ಒಬ್ಬ ರಸಾಯನಶಾಸ್ತ್ರಜ್ಞ ಬಂದಿಳಿದ. ಫಿಲಿಪ್ ಹಾರ್ಟಾಗ್, ಹುಟ್ಟಿದ್ದು ಲಂಡನ್ನಿನಲ್ಲಿ, 1864ರಲ್ಲಿ. 1903ರಿಂದ ಲಂಡನ್ ವಿಶ್ವವಿದ್ಯಾಲಯದ ಅಕಡೆಮಿಕ್ ರಿಜಿಸ್ಟ್ರಾರ್ ಆಗಿದ್ದವರು. ನಾವು ಮಾದರಿಯೆಂದು ನಂಬಿದ ಪರೀಕ್ಷಾ ಯಂತ್ರವನ್ನು ಒಳಗಿನಿಂದ ಬಲ್ಲವರು. 1917ರಲ್ಲಿ ಮೈಕೆಲ್ ಸ್ಯಾಡ್ಲರ್ ಅಧ್ಯಕ್ಷತೆಯ ಕಲ್ಕತ್ತ ವಿಶ್ವವಿದ್ಯಾಲಯ ಆಯೋಗಕ್ಕೆ ಸದಸ್ಯರಾಗಿ ಬಂದರು. ಆಶುತೋಷ್ ಮುಖರ್ಜಿ ಅವರ ಜೊತೆಯ ಸದಸ್ಯರಲ್ಲೊಬ್ಬರು. 1919ರಲ್ಲಿ ಹೊರಬಂದ ವರದಿ ಸಂಪುಟಗಟ್ಟಲೆ ಬೆಳೆದಿತ್ತು. ಅದರ ಒಂದು ಶಿಫಾರಸು ಇಂದಿಗೂ ನಮ್ಮ ಮಕ್ಕಳ ಬದುಕಿನಲ್ಲಿದೆ. ಶಾಲೆಯ ಕೊನೆಯ ಪರೀಕ್ಷೆಯನ್ನು ವಿಶ್ವವಿದ್ಯಾಲಯದ ಕೈಯಿಂದ ಬಿಡಿಸಿ, ಅದಕ್ಕೆಂದೇ ಬೇರೆ ಮಂಡಳಿ ಮಾಡಬೇಕು ಎಂಬುದು ಆ ಶಿಫಾರಸು. 1921ರಲ್ಲಿ ಢಾಕಾದಲ್ಲಿ, ಸಂಯುಕ್ತ ಪ್ರಾಂತ್ಯದಲ್ಲಿ ಅಂಥ ಮಂಡಳಿಗಳು ಬಂದವು. ನಮ್ಮ ರಾಜ್ಯದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ 1966ರಲ್ಲಿ ಬಂದದ್ದೂ ಆ ವಂಶದಲ್ಲೇ.

ಹಾರ್ಟಾಗ್ ಢಾಕಾ ವಿಶ್ವವಿದ್ಯಾಲಯದ ಮೊದಲ ಉಪಕುಲಪತಿಯಾದರು. ಅನಂತರ ಭಾರತದ ಲೋಕಸೇವಾ ಆಯೋಗದಲ್ಲಿ ಕೂತರು. 1928-29ರಲ್ಲಿ ಇಲ್ಲಿನ ಶಿಕ್ಷಣದ ಸ್ಥಿತಿಗತಿ ನೋಡಿದ, ಅವರ ಹೆಸರಿನ ಸಮಿತಿಯ ಅಧ್ಯಕ್ಷರೂ ಆದರು. ಭಾರತದಲ್ಲಿ ಅವರಿಗೆ ದಿನವೂ ಕಂಡದ್ದು ಒಂದೇ. ಸಾವಿರಾರು ಮನೆಗಳ ಹಣೆಬರಹ ಒಂದು ಅಂಕದ ಮೇಲೆ ನಿಂತಿದೆ, ಆ ಅಂಕ ಎಷ್ಟು ನಂಬಿಕೆಗೆ ಯೋಗ್ಯ ಎಂಬುದನ್ನು ಮಾತ್ರ ಯಾರೂ ತೂಗಿ ನೋಡಿಲ್ಲ.

ಪೂರ್ತಿ ಯಾರೂ ನೋಡಿರಲಿಲ್ಲ ಎನ್ನುವಂತಿಲ್ಲ. 1880ರ ದಶಕದ ಕೊನೆಯಲ್ಲಿ ಎಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞ ಒಂದು ಲ್ಯಾಟಿನ್ ಗದ್ಯವನ್ನು ಶಿಕ್ಷಣ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿ, ಇದಕ್ಕೆ ನೂರಕ್ಕೆ ಎಷ್ಟು ಕೊಡುತ್ತೀರಿ ಎಂದು ಅನುಭವಸ್ಥರನ್ನು ಕೇಳಿದ್ದ. ಇಪ್ಪತ್ತೆಂಟು ಮಂದಿ ಉತ್ತರಿಸಿದರು. ಒಬ್ಬರು 45 ಕೊಟ್ಟರು, ಇನ್ನೊಬ್ಬರು 100. ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ 1912-13ರಲ್ಲಿ ಇಂಗ್ಲಿಷ್ ಉತ್ತರಪತ್ರಿಕೆಗಳನ್ನು ನೂರಾರು ಮೇಷ್ಟರಿಂದ ತಿದ್ದಿಸಿ ಇಂಥದೇ ಅಂತರ ಕಂಡರು. ಭಾಷೆಯ ವಿಷಯ, ಅಭಿರುಚಿಯ ಮಾತು ಎಂದು ಟೀಕಾಕಾರರು ತಳ್ಳಿಹಾಕಿದಾಗ ಅವರು ರೇಖಾಗಣಿತದ ಉತ್ತರಪತ್ರಿಕೆ ಕಳಿಸಿದರು. ಅದರ ಅಂಕಗಳು 28ರಿಂದ 92ರವರೆಗೆ ಹರಡಿದ್ದವು. ಗಣಿತದಲ್ಲಿ!

1931ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸಮುದ್ರತೀರದ ಈಸ್ಟ್‌ಬೋರ್ನ್ ಪಟ್ಟಣದಲ್ಲಿ ಹಲವು ದೇಶಗಳ ಶಿಕ್ಷಣತಜ್ಞರು ಪರೀಕ್ಷೆಗಳ ಬಗ್ಗೆಯೇ ಮಾತಾಡಲು ಸೇರಿದರು. ಅಮೆರಿಕದ ಕಾರ್ನೆಗಿ ಸಂಸ್ಥೆಯ ಹಣ. ಅಲ್ಲಿಂದ ಹೊರಟ ತನಿಖೆಯ ಇಂಗ್ಲಿಷ್ ಸಮಿತಿಗೆ ಸ್ಯಾಡ್ಲರ್ ಅಧ್ಯಕ್ಷ, ಹಾರ್ಟಾಗ್ ನಿರ್ದೇಶಕ. ಕಲ್ಕತ್ತದಲ್ಲಿ ಜೊತೆಯಾಗಿ ಕೂತಿದ್ದ ಇಬ್ಬರೂ ಮತ್ತೆ ಒಂದೇ ಮೇಜಿನ ಎದುರು ಬಂದರು. ಸಂಖ್ಯಾಶಾಸ್ತ್ರಜ್ಞ ಇ.ಸಿ. ರೋಡ್ಸ್ ಲೆಕ್ಕ ನೋಡಿಕೊಂಡರು.

ಅವರು ನಡೆಸಿದ ಪ್ರಯೋಗಗಳಲ್ಲಿ ಇತಿಹಾಸದ ಉತ್ತರಪತ್ರಿಕೆಗಳದ್ದು ಶಿಕ್ಷಣದ ಚರಿತ್ರೆಯಲ್ಲಿ ಉಳಿದಿದೆ. ಇಂಗ್ಲೆಂಡಿನಲ್ಲಿ ಆಗ ಶಾಲೆ ಮುಗಿಸುವ ಮಕ್ಕಳಿಗೆ ಸ್ಕೂಲ್ ಸರ್ಟಿಫಿಕೇಟ್ ಪರೀಕ್ಷೆ ಇತ್ತು. ಹಾರ್ಟಾಗ್ ಆ ಪರೀಕ್ಷೆಯಲ್ಲಿ ಸರಿಸಮನಾದ ಮಧ್ಯಮ ಅಂಕ ಪಡೆದಿದ್ದ ಹದಿನೈದು ಉತ್ತರಪತ್ರಿಕೆಗಳನ್ನು ಆರಿಸಿದರು. ಹಳೆಯ ಅಂಕಗಳ ಗುರುತು ಸಿಗದಂತೆ ಮಾಡಿ ಹದಿನೈದು ಅನುಭವಿ ಪರೀಕ್ಷಕರಿಗೆ ಕೊಟ್ಟರು. ಅಂಕ ಹಾಕಿ, ಪ್ರತಿಯೊಂದಕ್ಕೂ ಫೇಲು, ಪಾಸು ಅಥವಾ ಉತ್ತಮ ದರ್ಜೆ ಎಂದು ಬರೆಯಬೇಕು. ಒಂದೇ ಅಂಕ ಪಡೆದಿದ್ದ ಮಕ್ಕಳು ಈಗ ಒಬ್ಬ ಪರೀಕ್ಷಕನ ಕೈಯಲ್ಲಿ ಒಂದು ದರ್ಜೆಗೆ, ಇನ್ನೊಬ್ಬನ ಕೈಯಲ್ಲಿ ಇನ್ನೊಂದಕ್ಕೆ ಹೋದರು. ಇಷ್ಟು ಹೊತ್ತಿಗೆ ಇದು ಹೊಸ ಸುದ್ದಿಯಲ್ಲ, ಎಜ್‌ವರ್ತ್ ಕಾಲದಿಂದಲೂ ತಿಳಿದದ್ದೇ.

ಹಾರ್ಟಾಗ್ ಅಲ್ಲಿಗೆ ನಿಲ್ಲಲಿಲ್ಲ. ಒಂದು ವರ್ಷ, ಕೆಲವರ ವಿಷಯದಲ್ಲಿ ಒಂದೂವರೆ ವರ್ಷ ಕಳೆದ ಮೇಲೆ, ಅದೇ ಹದಿನೈದು ಉತ್ತರಪತ್ರಿಕೆಗಳನ್ನು ಅದೇ ಪರೀಕ್ಷಕರಿಗೆ ಮತ್ತೆ ಕಳಿಸಿದರು. ಹದಿನಾಲ್ಕು ಮಂದಿ ಎರಡನೆಯ ಸಲವೂ ತಿದ್ದಿದರು. ಹದಿನಾಲ್ಕು ಪರೀಕ್ಷಕರು, ಹದಿನೈದು ಪತ್ರಿಕೆಗಳು, ಒಟ್ಟು 210 ತೀರ್ಪುಗಳು. ಅದರಲ್ಲಿ 92 ತೀರ್ಪುಗಳು ಮೊದಲ ಸಲ ಅದೇ ಮನುಷ್ಯ ಕೊಟ್ಟ ತೀರ್ಪಿಗಿಂತ ಬೇರೆಯಾಗಿದ್ದವು. ಕೆಡವಿದವರನ್ನು ಏಳಿಸಿದ್ದರು, ಏಳಿಸಿದವರನ್ನು ಕೆಡವಿದ್ದರು. ಪರೀಕ್ಷಕರು ತಮ್ಮತಮ್ಮಲ್ಲಿ ಒಪ್ಪಲಿಲ್ಲ ಎನ್ನುವುದು ಹಳೆಯ ದೂರು. ಪರೀಕ್ಷಕ ತನ್ನ ಜೊತೆಗೇ ಒಪ್ಪಲಿಲ್ಲ ಎನ್ನುವುದು ಹಾರ್ಟಾಗ್ ತೋರಿಸಿಕೊಟ್ಟ ಸತ್ಯ.

1935ರಲ್ಲಿ ಪರೀಕ್ಷೆಗಳನ್ನೇ ಪರೀಕ್ಷೆಗೆ ಒಡ್ಡಿದ ಆ ಸಣ್ಣ ಪುಸ್ತಕ ಹೊರಬಂದಾಗ ಇಂಗ್ಲೆಂಡಿನಲ್ಲಿ ಕೋಲಾಹಲವಾಯಿತು. ನಿಜವಾದ ಪರೀಕ್ಷೆಯಲ್ಲಿ ಪರೀಕ್ಷಕರೆಲ್ಲ ಮೊದಲು ಕೂಡಿ ಚರ್ಚಿಸಿ ಒಂದು ಮಟ್ಟಕ್ಕೆ ಬರುತ್ತಾರೆ, ಪ್ರಯೋಗದಲ್ಲಿ ಹಾಗಾಗಿಲ್ಲ ಎಂದು ಪರೀಕ್ಷಾ ಮಂಡಳಿಗಳ ಪರವಾಗಿ ಆಕ್ಷೇಪ ಬಂತು. ಆಕ್ಷೇಪದಲ್ಲಿ ಹುರುಳಿತ್ತು. ಅದರ ಫಲ ಒಳ್ಳೆಯದೇ ಆಯಿತು. ಪರೀಕ್ಷಕರ ಪೂರ್ವಸಭೆ, ಮಾದರಿ ಉತ್ತರ, ಪ್ರತಿ ಅಂಶಕ್ಕೆ ಎಷ್ಟು ಅಂಕ ಎಂಬ ಪಟ್ಟಿ, ಮೇಲಿನವರು ಮತ್ತೆ ತಿದ್ದಿ ನೋಡುವ ಕ್ರಮ, ಇವೆಲ್ಲ ಶಿಷ್ಟಾಚಾರವಾಗಿ ಉಳಿಯದೆ ಪರೀಕ್ಷೆಯ ಪ್ರಾಣ ಎಂಬ ಅರಿವು ಬೆಳೆಯಿತು. ಅಲ್ಲಿ 1951ರಲ್ಲಿ ಗುಂಪು ಪಾಸಿನ ಸ್ಕೂಲ್ ಸರ್ಟಿಫಿಕೇಟ್ ಹೋಗಿ, ವಿಷಯಕ್ಕೊಂದರಂತೆ ಬೇರೆ ಬೇರೆ ಪಾಸಾಗುವ ಜಿ.ಸಿ.ಇ. ಬಂತು. ಅಲ್ಲಿನ ಮುಂದಿನ ಕಥೆ ದೊಡ್ಡದು. ನಮಗೆ ಬೇಕಾದ ಕಥೆ ಮತ್ತೆ ಭಾರತಕ್ಕೆ ಬರುತ್ತದೆ.

ಸ್ವಾತಂತ್ರ್ಯ ಬಂದ ಮರುವರ್ಷವೇ ಸರ್ವಪಲ್ಲಿ ರಾಧಾಕೃಷ್ಣನ್ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದ ಅಧ್ಯಕ್ಷರಾದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ್ದ ಮೇಷ್ಟರು ಅವರು, ಪರೀಕ್ಷೆಯ ನೆರಳು ತರಗತಿಯ ಮೇಲೆ ಹೇಗೆ ಬೀಳುತ್ತದೆಂದು ಬಲ್ಲವರು. ಒಂದೇ ಒಂದು ಸುಧಾರಣೆ ಹೇಳಿ ಎಂದರೆ ಪರೀಕ್ಷೆಯ ಸುಧಾರಣೆಯನ್ನೇ ಹೇಳುತ್ತೇವೆ ಎಂದು ಅವರ ಆಯೋಗ ಬರೆಯಿತು. 1952-53ರಲ್ಲಿ ಮದರಾಸಿನ ಉಪಕುಲಪತಿ ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ನೇತೃತ್ವದ ಪ್ರೌಢಶಿಕ್ಷಣ ಆಯೋಗ ಇನ್ನೂ ನಿರ್ದಿಷ್ಟವಾಗಿ ಮಾತಾಡಿತು. ಸಾರ್ವಜನಿಕ ಪರೀಕ್ಷೆಗಳು ಕಡಿಮೆಯಾಗಲಿ, ಶಾಲೆಯ ದಾಖಲೆಗೆ ಬೆಲೆ ಸಿಗಲಿ, ವಸ್ತುನಿಷ್ಠ ಪ್ರಶ್ನೆಗಳು ಬರಲಿ, ಅಂಕದ ಬದಲು ದರ್ಜೆಯ ಅಕ್ಷರ ಕೊಡಿ ಎಂದಿತು. ನಾಲ್ಕು ದಶಕಗಳ ಹಿಂದಿನ ಮದರಾಸು ಪುಸ್ತಕದ ಆಸೆಗಳೇ ಇಲ್ಲಿ ಮತ್ತೆ ತಲೆಯೆತ್ತಿದ್ದವು.

1956ರ ಆರಂಭದಲ್ಲಿ ಭೋಪಾಲದಲ್ಲಿ ಪರೀಕ್ಷೆಗಳ ಬಗ್ಗೆ ಅಖಿಲ ಭಾರತ ವಿಚಾರಗೋಷ್ಠಿ ನಡೆಯಿತು. ಮರುವರ್ಷ ಷಿಕಾಗೊ ವಿಶ್ವವಿದ್ಯಾಲಯದ ಬೆಂಜಮಿನ್ ಬ್ಲೂಮ್ ಭಾರತಕ್ಕೆ ಬಂದರು. ಬಿ.ಎಡ್. ಮಾಡಿದವರಿಗೆಲ್ಲ ಬ್ಲೂಮ್ ಹೆಸರು ಬಾಯಿಪಾಠ. ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯನಿರ್ಣಯ ಎಂದು ಆರು ಮೆಟ್ಟಿಲು ಹೇಳಿದರೆ ಅಂಕ ಸಿಗುತ್ತಿತ್ತು. ಆತ ಪರೀಕ್ಷಾಧಿಕಾರಿಯಾಗಿದ್ದರು ಎಂಬುದು ಅಷ್ಟು ಮಂದಿಗೆ ಗೊತ್ತಿಲ್ಲ. 1943ರಿಂದ ಷಿಕಾಗೊದಲ್ಲಿ ವಿಶ್ವವಿದ್ಯಾಲಯದ ಪರೀಕ್ಷಕ ಎಂಬ ಹುದ್ದೆಯಲ್ಲಿದ್ದು, ವರ್ಷವರ್ಷವೂ ಪ್ರಶ್ನೆಪತ್ರಿಕೆ ಮಾಡಿಸುವ ತಾಪತ್ರಯ ಉಂಡವರು. 1956ರಲ್ಲಿ ಪ್ರಕಟವಾದ ಆ ಆರು ಮೆಟ್ಟಿಲುಗಳ ವರ್ಗೀಕರಣ ಹುಟ್ಟಿದ್ದು, ಬೇರೆ ಬೇರೆ ಕಾಲೇಜುಗಳ ಪರೀಕ್ಷಕರು ತಮ್ಮ ಪ್ರಶ್ನೆಗಳನ್ನು ಪರಸ್ಪರ ಹಂಚಿಕೊಳ್ಳಲು ಒಂದು ಸಮಾನ ಭಾಷೆ ಬೇಕು ಎಂಬ ಅಗತ್ಯದಿಂದ.

ಬ್ಲೂಮ್ ದೇಶದ ಹಲವು ಕಡೆ ಕಮ್ಮಟಗಳನ್ನು ನಡೆಸಿದರು. ಅವರ ವಿಧಾನದಲ್ಲಿ ಮೊದಲ ಕೆಲಸ ಪ್ರಶ್ನೆ ಬರೆಯುವುದಲ್ಲ. ಈ ಪಾಠ ಮುಗಿದ ಮೇಲೆ ಮಗುವಿನ ಕೈಯಲ್ಲಿ ಏನಾಗಬೇಕು ಎಂಬುದನ್ನು ಬರೆಯುವುದು. ನೈಋತ್ಯ ಮುಂಗಾರು ಎಂದರೇನು ಎಂದು ಕೇಳಿದರೆ ಪುಸ್ತಕದ ಸಾಲು ಬರುತ್ತದೆ. ಆಗುಂಬೆಯ ಮಳೆಯ ಅಂಕಿಅಂಶ, ಚಿತ್ರದುರ್ಗದ ಮಳೆಯ ಅಂಕಿಅಂಶ, ಜೊತೆಗೊಂದು ನಕ್ಷೆ ಕೊಟ್ಟು, ಇಷ್ಟು ಅಂತರ ಏಕೆ ಎಂದು ಕೇಳಿದರೆ ಮಗು ಯೋಚಿಸಬೇಕಾಗುತ್ತದೆ. ಎರಡನೆಯ ಪ್ರಶ್ನೆ ಪರೀಕ್ಷೆಯಲ್ಲಿ ಬರುತ್ತದೆ ಎಂದು ಗೊತ್ತಾದರೆ ತರಗತಿಯ ಪಾಠವೂ ಬದಲಾಗುತ್ತದೆ. ಗುರಿ, ಪಾಠ, ಪರೀಕ್ಷೆ ಮೂರನ್ನೂ ಒಟ್ಟಿಗೆ ಎತ್ತಬೇಕು, ಒಂದನ್ನೇ ಎಳೆದರೆ ಉಳಿದೆರಡು ಜೊತೆಗೆ ಬರುವುದಿಲ್ಲ ಎಂಬುದು ಅವರ ನಿಲುವು.

1958ರಲ್ಲಿ ಕೇಂದ್ರ ಪರೀಕ್ಷಾ ಘಟಕ ಸ್ಥಾಪನೆಯಾಯಿತು. ಭಾರತದ ಅಧಿಕಾರಿಗಳ ಒಂದು ತಂಡ ಷಿಕಾಗೊಕ್ಕೆ ಹೋಗಿ ತರಬೇತಿ ಪಡೆದು ಬಂತು. 1961ರಲ್ಲಿ ಎನ್.ಸಿ.ಇ.ಆರ್.ಟಿ. ಹುಟ್ಟಿದ ಮೇಲೆ ಈ ಕೆಲಸ ಅದರ ಮಡಿಲಿಗೆ ಬಂತು. ರಾಜ್ಯ ಮಂಡಳಿಗಳಲ್ಲಿ ರಾಜಸ್ಥಾನದ್ದು ಮುಂಚೂಣಿಯಲ್ಲಿ ನಿಂತು ಹೊಸ ಕ್ರಮವನ್ನು ಒಪ್ಪಿಕೊಂಡಿತು. ಒಂದೊಂದಾಗಿ ಉಳಿದವು ಬಂದವು. ಆರು ಮೆಟ್ಟಿಲುಗಳು ಇಲ್ಲಿ ನಾಲ್ಕಾದವು: ಜ್ಞಾನ, ತಿಳಿವಳಿಕೆ, ಅನ್ವಯ, ಕೌಶಲ. ಪ್ರಶ್ನೆಪತ್ರಿಕೆ ಮಾಡುವವರು ಮನಸ್ಸಿಗೆ ಬಂದದ್ದನ್ನು ಬರೆಯುವ ಕಾಲ ಹೋಯಿತು. ಮೊದಲು ಚೌಕಗಳ ಒಂದು ಕೋಷ್ಟಕ ಹಾಕಬೇಕು. ಒಂದು ಕಡೆ ಪಾಠಗಳು, ಇನ್ನೊಂದು ಕಡೆ ಉದ್ದೇಶಗಳು, ಒಳಗೆ ಪ್ರಶ್ನೆಯ ಬಗೆ ಮತ್ತು ಅಂಕ. ಸುಲಭ, ಸಾಧಾರಣ, ಕಠಿಣ ಎಷ್ಟೆಷ್ಟು ಎಂಬ ಲೆಕ್ಕ. ಜೊತೆಗೆ ಮಾದರಿ ಉತ್ತರ. ಇದೇ ನಮ್ಮ ಮೇಷ್ಟರುಗಳ ಬಾಯಲ್ಲಿರುವ ನೀಲನಕ್ಷೆ, ಬ್ಲೂಪ್ರಿಂಟು.

ಇದರಿಂದ ಆದ ಒಳಿತನ್ನು ಕಡೆಗಣಿಸಬಾರದು. ಐದಾರು ದೊಡ್ಡ ಪ್ರಬಂಧಗಳಿಗೇ ಮೂರು ಗಂಟೆ ಮುಗಿಯುತ್ತಿದ್ದ ಪತ್ರಿಕೆಯಲ್ಲಿ ಓದಿದ ಎರಡು ಪಾಠ ಬಂದರೆ ಅದೃಷ್ಟ, ಬರದಿದ್ದರೆ ದುರದೃಷ್ಟ. ನೀಲನಕ್ಷೆ ಆ ಜೂಜನ್ನು ಕಡಿಮೆ ಮಾಡಿತು. ಬಡಶಾಲೆಯ ಮಗುವಿಗೂ ದೊಡ್ಡ ಶಾಲೆಯ ಮಗುವಿಗೂ ಪಠ್ಯದ ಎಲ್ಲ ಭಾಗದಿಂದಲೂ ಪ್ರಶ್ನೆ ಬರುತ್ತದೆ ಎಂಬ ಖಾತರಿ ಸಿಕ್ಕಿತು. ತಿದ್ದುವವರ ಕೈಗೆ ಅಂಕ ಹಂಚಿಕೆಯ ಪಟ್ಟಿ ಬಂತು. ಹಾರ್ಟಾಗ್ ಕಂಡ ಗಾಯಕ್ಕೆ ಹಾಕಿದ ನಿಜವಾದ ಪಟ್ಟಿ ಇದು.

ಆಮೇಲೆ ಆದದ್ದು ಅಷ್ಟೇ ಗಂಭೀರ. ನೀಲನಕ್ಷೆ ಇದ್ದದ್ದು ಪ್ರಶ್ನೆಪತ್ರಿಕೆ ಮಾಡುವವರಿಗಾಗಿ. ಅದು ತರಗತಿಗೆ ಇಳಿಯಿತು, ಗೈಡುಗಳ ಮೊದಲ ಪುಟಕ್ಕೆ ಹತ್ತಿತು. ಯಾವ ಪಾಠಕ್ಕೆ ಎಷ್ಟು ಅಂಕ ಎಂದು ಮೊದಲೇ ತಿಳಿದ ಮೇಲೆ ಮಗುವೂ ಮೇಷ್ಟರೂ ಕೂಡಿ ಲೆಕ್ಕ ಹಾಕತೊಡಗಿದರು. ಈ ಮೂರು ಪಾಠ ಗಟ್ಟಿ ಮಾಡಿದರೆ ಪಾಸು, ಆ ಎರಡು ಪಾಠ ಬಿಟ್ಟರೂ ನಷ್ಟವಿಲ್ಲ. ಫಲಿತಾಂಶದ ಒತ್ತಡದಲ್ಲಿ ಶಾಲೆಗಳಿಗೆ ಪಾಸಿಂಗ್ ಪ್ಯಾಕೇಜ್ ಎಂಬ ಹೆಸರಿನ ಹಾಳೆಗಳು ಬಂದವು. ಅನ್ವಯದ ಪ್ರಶ್ನೆ ಎಂದು ಕೋಷ್ಟಕದಲ್ಲಿ ಬರೆದದ್ದೂ ಹಿಂದಿನ ವರ್ಷಗಳ ಪತ್ರಿಕೆಗಳಿಂದ ಮತ್ತೆ ಮತ್ತೆ ಬಂದು, ಉತ್ತರ ಉರು ಹೊಡೆಯುವ ಪ್ರಶ್ನೆಯಾಯಿತು. ಬ್ಲೂಮ್ ಮೂರನ್ನೂ ಒಟ್ಟಿಗೆ ಎತ್ತಿ ಎಂದಿದ್ದರು. ನಾವು ಪರೀಕ್ಷೆಯ ಕೋಷ್ಟಕವನ್ನು ಮಾತ್ರ ಎತ್ತಿಕೊಂಡೆವು. ಕಿಕ್ಕಿರಿದ ತರಗತಿ, ಪ್ರಯೋಗಾಲಯವಿಲ್ಲದ ವಿಜ್ಞಾನ, ಖಾಲಿ ಉಳಿದ ಶಿಕ್ಷಕರ ಹುದ್ದೆ ಇದ್ದಲ್ಲೇ ಇದ್ದವು. ಈ ಮಾತನ್ನು ಮೇಷ್ಟರುಗಳ ಮೇಲೆ ಆರೋಪವಾಗಿ ಓದಬಾರದು. ಶೇಕಡಾವಾರು ಫಲಿತಾಂಶಕ್ಕೆ ಅವರಿಗೆ ನೋಟಿಸು ಬರುತ್ತದೆ, ಮಗುವಿನಲ್ಲಿ ಯೋಚನೆ ಬೆಳೆಸಿದ್ದಕ್ಕೆ ಯಾವ ಮೆಚ್ಚುಗೆಯ ಪತ್ರವೂ ಬರುವುದಿಲ್ಲ.

ಮುಂದಿನ ದಶಕಗಳಲ್ಲಿ ವರದಿಗಳು ಬಂದವು, ಹೋದವು. 1964-66ರ ಕೊಠಾರಿ ಆಯೋಗ, 1986ರ ರಾಷ್ಟ್ರೀಯ ಶಿಕ್ಷಣ ನೀತಿ, 1993ರ ಯಶಪಾಲ್ ಸಮಿತಿ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಪರೀಕ್ಷಾ ಸುಧಾರಣೆಯ ಪ್ರಬಂಧ ಇವುಗಳಲ್ಲಿ ಹೆಚ್ಚು ಹರಿತವಾದದ್ದು. ಪ್ರಶ್ನೆಯ ಗುಣವೇ ಮೊದಲು ಬದಲಾಗಬೇಕು ಎಂದು ಅದು ಹಿಡಿದ ಹಟ ನನಗೆ ಬಹಳ ಇಷ್ಟ. ಸಿ.ಬಿ.ಎಸ್.ಇ. 2010ರ ಸುಮಾರಿಗೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ (ಸಿ.ಸಿ.ಇ.) ತಂದು, ಹತ್ತನೆಯ ತರಗತಿಯ ಮಂಡಳಿ ಪರೀಕ್ಷೆಯನ್ನು ಐಚ್ಛಿಕ ಮಾಡಿ, ಅಂಕದ ಜಾಗದಲ್ಲಿ ಗ್ರೇಡು ಕೊಟ್ಟಿತು. 2018ಕ್ಕೆ ಪರೀಕ್ಷೆ ಮತ್ತೆ ಕಡ್ಡಾಯವಾಯಿತು. ನಮ್ಮ ಎಸ್ಸೆಸ್ಸೆಲ್ಸಿಯಲ್ಲೂ ಸಿ.ಸಿ.ಇ. ಬಂದು, ಬಹುತೇಕ ವಿಷಯಗಳಲ್ಲಿ ಲಿಖಿತಕ್ಕೆ 80, ಆಂತರಿಕಕ್ಕೆ 20 ಎಂದಾಯಿತು. ಶಾಲೆಯ ಅಂಕವನ್ನು ಹೊರಗಿನಿಂದ ಹೋಲಿಸಿ ನೋಡುವ ಗಟ್ಟಿ ಕ್ರಮವಿಲ್ಲದೆ ಆಂತರಿಕ ಅಂಕಕ್ಕೆ ಬೆಲೆ ಬರುವುದಿಲ್ಲ. ಮದರಾಸು ಯೋಜನೆಗೂ ಕಾಡಿದ ತೊಡಕು ಅದೇ.

ಕೊರೊನಾ ಕಾಲದಲ್ಲಿ ಕರ್ನಾಟಕ ಒಂದು ದೊಡ್ಡ ಪ್ರಯೋಗಕ್ಕೇ ಕೈಹಾಕಿತು. 2021ರ ಜುಲೈ 19 ಮತ್ತು 22, ಎರಡೇ ದಿನ ಪರೀಕ್ಷೆ. ಒಂದು ದಿನ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಇನ್ನೊಂದು ದಿನ ಮೂರು ಭಾಷೆಗಳು. ವಿಷಯಕ್ಕೆ 40ರಂತೆ ಬಹು ಆಯ್ಕೆಯ ಪ್ರಶ್ನೆಗಳು, ಓ.ಎಂ.ಆರ್. ಹಾಳೆ. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಮಾಸ್ಕ್ ಹಾಕಿಕೊಂಡು ಬರೆದರು. ತಿದ್ದುವವರ ಅಭಿಪ್ರಾಯಕ್ಕೆ ಜಾಗವೇ ಇಲ್ಲದ ಪರೀಕ್ಷೆ ಅದು. ಹಾಗಾದರೆ ಹಾರ್ಟಾಗ್‌ನ ಸಮಸ್ಯೆ ತೀರಿತೇ? ಇಲ್ಲ. ಕನ್ನಡದ ಮಗು ಕನ್ನಡದಲ್ಲಿ ಒಂದು ಪ್ಯಾರಾ ಬರೆಯಬಲ್ಲದೇ ಎಂಬುದನ್ನು ವೃತ್ತ ತುಂಬಿಸುವ ಹಾಳೆ ಹೇಳಲಾರದು. ಸಂಕಟದ ಕಾಲಕ್ಕೆ ಅದು ಸರಿಯಾದ ನಿರ್ಧಾರ. ಮರುವರ್ಷ ಬರೆಯುವ ಪರೀಕ್ಷೆಗೆ ಮರಳಿದ್ದೂ ಸರಿಯಾದ ನಿರ್ಧಾರ.

2024ರಲ್ಲಿ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ 83.89 ಇದ್ದ ಶೇಕಡಾವಾರು ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ನಕಲು ತಡೆದದ್ದು ಒಳ್ಳೆಯ ಕೆಲಸ. ಅದೇ ವರ್ಷದಿಂದ ಪರೀಕ್ಷೆ ಒಂದು, ಎರಡು, ಮೂರು ಎಂದು ಮೂರು ಅವಕಾಶ ಕೊಟ್ಟು, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು ಎಂದದ್ದು ಇನ್ನೂ ಒಳ್ಳೆಯ ಕೆಲಸ. ಒಂದು ಬೆಳಗಿನ ಜ್ವರಕ್ಕೆ ಒಂದು ವರ್ಷ ಹೋಗಬೇಕಾಗಿಲ್ಲ. ಆದರೆ ಕ್ಯಾಮೆರಾ ಮಗುವನ್ನು ನೋಡುತ್ತದೆ, ಪ್ರಶ್ನೆಯನ್ನು ನೋಡುವುದಿಲ್ಲ, ತಿದ್ದುವ ಕೈಯನ್ನೂ ನೋಡುವುದಿಲ್ಲ.

ತಿದ್ದುವ ಕೈಯನ್ನು ಬೆಳಕಿಗೆ ತಂದದ್ದು ಯಾವ ಶಿಕ್ಷಣ ಆಯೋಗವೂ ಅಲ್ಲ, ಒಬ್ಬ ವಿದ್ಯಾರ್ಥಿ. 2008ರಲ್ಲಿ ಸಿ.ಬಿ.ಎಸ್.ಇ. ಪರೀಕ್ಷೆ ಬರೆದ ಹುಡುಗನೊಬ್ಬ, ತನಗೆ ಬಂದ ಅಂಕ ನಂಬಲಾಗದೆ, ಮಾಹಿತಿ ಹಕ್ಕು ಕಾಯ್ದೆಯಡಿ ತನ್ನ ಉತ್ತರಪತ್ರಿಕೆ ತೋರಿಸಿ ಎಂದು ಕೇಳಿದ. ಪರೀಕ್ಷಕರ ವಿಶ್ವಾಸದ ಮೇಲೆ ಇಟ್ಟುಕೊಂಡ ದಾಖಲೆ ಅದು, ತೋರಿಸಲಾಗದು ಎಂದು ಮಂಡಳಿ ವಾದಿಸಿತು. ಕಲ್ಕತ್ತ ಹೈಕೋರ್ಟು ಹುಡುಗನ ಪರ ನಿಂತಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 2011ರ ಆಗಸ್ಟ್ 9ರಂದು ತೀರ್ಪು ಬಂತು. ಪೀಠದ ಹಿರಿಯರು, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ತಿದ್ದಿದ ಉತ್ತರಪತ್ರಿಕೆ ಮಾಹಿತಿಯೇ ಸರಿ, ಬರೆದ ವಿದ್ಯಾರ್ಥಿಗೆ ಅದನ್ನು ನೋಡುವ, ಪ್ರತಿ ಪಡೆಯುವ ಹಕ್ಕಿದೆ, ಪರೀಕ್ಷಕನ ಗುರುತನ್ನು ಮಾತ್ರ ಮುಚ್ಚಿಡಬಹುದು ಎಂದು ನ್ಯಾಯಾಲಯ ಹೇಳಿತು. ಮೆಟ್ರಿಕ್ ಹುಟ್ಟಿ ಒಂದೂವರೆ ಶತಮಾನವಾದ ಮೇಲೆ, ತನ್ನ ಕೈಬರಹದ ಮೇಲೆ ಕೆಂಪು ಶಾಯಿ ಏನು ಬರೆದಿದೆ ಎಂದು ಓದುವ ಹಕ್ಕು ಮಗುವಿಗೆ ಸಿಕ್ಕಿತು.

ಈಗ ಫಲಿತಾಂಶ ಬಂದ ವಾರದಲ್ಲಿ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕುವುದು, ಮರು ಎಣಿಕೆ, ಮರುಮೌಲ್ಯಮಾಪನ ಎಲ್ಲ ಮನೆಮಾತಾಗಿದೆ. ಶುಲ್ಕ ಕಟ್ಟಬಲ್ಲವರು, ಪ್ರತಿಯನ್ನು ಕೀ ಉತ್ತರದ ಪಕ್ಕ ಇಟ್ಟು ನೋಡಬಲ್ಲ ಮೇಷ್ಟರು ಹತ್ತಿರ ಇರುವವರು ಹಕ್ಕನ್ನು ಬಳಸುತ್ತಾರೆ. ಕೂಲಿಯವರ ಮಗಳು ಒಂದೆರಡು ಅಂಕ ಕಡಿಮೆ ಬಂದು ಬಿದ್ದರೆ ಅಷ್ಟೇ ಎಂದು ಸುಮ್ಮನಾಗುತ್ತಾಳೆ. ತಪ್ಪು ಹುಡುಕುವ ಹೊಣೆ ಮಗುವಿನ ಮೇಲೆ ಇರುವವರೆಗೂ ಹೀಗೆಯೇ. ಆ ಹೊಣೆಯನ್ನು ಮಂಡಳಿ ತಾನೇ ಹೊರಲಿ. ಪ್ರತಿ ವರ್ಷ ಪ್ರತಿ ವಿಷಯದ ಕೆಲವು ನೂರು ಉತ್ತರಪತ್ರಿಕೆಗಳನ್ನು ಹೆಸರು, ನೋಂದಣಿ ಸಂಖ್ಯೆ, ಹಳೆಯ ಅಂಕ ಕಾಣದಂತೆ ಮಾಡಿ ಇನ್ನೊಂದು ಜಿಲ್ಲೆಯ ಮೌಲ್ಯಮಾಪನ ಕೇಂದ್ರಕ್ಕೆ ಕಳಿಸಿ ತಿದ್ದಿಸಲಿ. ಎರಡು ಕೈಗಳ ನಡುವೆ ಎಷ್ಟು ಅಂಕದ ಅಂತರ ಬಂತು, ಯಾವ ಪ್ರಶ್ನೆಯಲ್ಲಿ ಹೆಚ್ಚು ಬಂತು ಎಂಬುದನ್ನು ಫಲಿತಾಂಶದ ಜೊತೆಗೇ ಪ್ರಕಟಿಸಲಿ. ಗೆರೆಯ ಆಸುಪಾಸಿನಲ್ಲಿ ಬಿದ್ದ ಎಲ್ಲ ಮಕ್ಕಳ ಪತ್ರಿಕೆಯನ್ನು, ಅವರು ಅರ್ಜಿ ಹಾಕುವವರೆಗೆ ಕಾಯದೆ, ಎರಡನೆಯ ಕೈ ನೋಡಲಿ. ಇದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ. ಉತ್ತರಪತ್ರಿಕೆಗಳು ಮಂಡಳಿಯ ಬಳಿಯೇ ಇರುತ್ತವೆ, ತಿದ್ದುವ ಮೇಷ್ಟರುಗಳು ಬೇಸಿಗೆಯಲ್ಲಿ ಕೇಂದ್ರಗಳಿಗೆ ಬಂದೇ ಇರುತ್ತಾರೆ.